ಬಿಡುಗಡೆಯ ಮರುದಿನ

‘ಜೀತ’ ಎಂಬ ಶಬ್ದವು ಕನ್ನಡಿಗರಿಗೆ ಅಪರಿಚಿತವಾದುದಲ್ಲ. ಹಳಗನ್ನಡದಲ್ಲಿ ಈ ಶಬ್ದಕ್ಕೆ ಸಂಬಳ, ಜೀವನಾಧಾರ ಎಂಬ ಗೌರವದ ಅರ್ಥವಿತ್ತು. ಶತಮಾನಗಳು ಉರುಳಿದಂತೆ ಪ್ರತಿಫಲದ ಅರ್ಥ ಸವೆದುಹೋಗಿ, ದುಡಿಮೆ ಮತ್ತು ಬಂಧನಗಳ ಅರ್ಥ ಮಾತ್ರ ಉಳಿದುಕೊಂಡಿತು. ಒಂದು ಶಬ್ದದ ಈ ಅವನತಿಯಲ್ಲಿ ಒಂದು ಸಮಾಜ ವ್ಯವಸ್ಥೆಯ ಚರಿತ್ರೆಯೇ ಅಡಗಿದೆ. ೧೯೭೬ರ ಜೀತ ಪದ್ಧತಿ ರದ್ದತಿ ಅಧಿನಿಯಮದ ಎರಡನೆಯ ಪ್ರಕರಣದಲ್ಲಿ, ದೇಶದ ನಾನಾ ಭಾಗಗಳಲ್ಲಿ ಈ ಪದ್ಧತಿಗಿರುವ ಹೆಸರುಗಳ ಉದ್ದನೆಯ ಪಟ್ಟಿಯೊಂದಿದೆ. ಕಮಿಯಾ, ಸಾಗ್ರಿ, ಪಾಲೇರು ಮೊದಲಾದ ಹೆಸರುಗಳ ನಡುವೆ ಕನ್ನಡದ ‘ಜೀತ’ವೂ ಅಲ್ಲಿ ಅಚ್ಚಾಗಿದೆ. ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಸ್ಥಾನವಂತೂ ಇದಲ್ಲ.

ಶಿವರಾಮ ಕಾರಂತರು ೧೯೩೩ರಲ್ಲಿಯೇ ‘ಚೋಮನ ದುಡಿ’ಯನ್ನು ಬರೆದು ಈ ಬಂಧನದ ಚಿತ್ರವನ್ನು ಕನ್ನಡಿಗರ ಮುಂದಿರಿಸಿದರು. ಧಣಿಯ ಆಳಾದ ಚೋಮನಿಗೆ ತಾನೂ ಒಂದು ತುಂಡು ಭೂಮಿಯನ್ನು ಉಳಬೇಕೆಂಬ ಆಸೆ. ಅದು ಕೈಗೂಡುವುದಿಲ್ಲ. ಸಾಲ ತೀರಿಸಲೆಂದು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಮಗ ಜ್ವರ ಹಿಡಿದು ಮರಳಿ ಬಂದು ಸಾಯುತ್ತಾನೆ. ಸಾಲ ಮಾತ್ರ ಸಾಯುವುದಿಲ್ಲ. ಬಿ. ವಿ. ಕಾರಂತರು ೧೯೭೫ರಲ್ಲಿ ಇದನ್ನು ಚಲನಚಿತ್ರವನ್ನಾಗಿ ಮಾಡಿದಾಗ ಅದಕ್ಕೆ ರಾಷ್ಟ್ರದ ಸ್ವರ್ಣ ಕಮಲ ಪ್ರಶಸ್ತಿ ಸಂದಿತು. ಅದೇ ವರ್ಷದ ಅಕ್ಟೋಬರ್ ತಿಂಗಳಿನಲ್ಲಿ ಸುಗ್ರೀವಾಜ್ಞೆಯೊಂದರ ಮೂಲಕ ದೇಶದಲ್ಲಿ ಜೀತ ಪದ್ಧತಿ ರದ್ದಾಯಿತು.

ರದ್ದಾಯಿತೆಂದು ಹೇಳಿದ ಮಾತ್ರಕ್ಕೆ ಅದು ಇಲ್ಲವಾಗಲಿಲ್ಲ. ಚೆನ್ನೈ ಮಹಾನಗರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಇದು ದೂರದ ಹಳ್ಳಿಯ ಸಂಗತಿಯೆಂದು ತೋರಬಹುದು. ಆದರೆ ಈ ನಗರದ ಮನೆಗಳ ಗೋಡೆಗೆ ಬೇಕಾದ ಇಟ್ಟಿಗೆಯ ಬಹುಪಾಲು ಸುತ್ತಣ ತಿರುವಳ್ಳೂರು, ಕಾಂಚೀಪುರಂ ಜಿಲ್ಲೆಗಳ ಇಟ್ಟಿಗೆ ಗೂಡುಗಳಿಂದ ಬರುತ್ತದೆ. ಕುಸುಬಲಕ್ಕಿಯು ರೆಡ್ ಹಿಲ್ಸ್ ಕಡೆಯ ಅಕ್ಕಿ ಗಿರಣಿಗಳಲ್ಲಿ ಬೆಂದು ಒಣಗಿ ಬರುತ್ತದೆ. ಮದುವೆಯ ಸೀರೆ ಕಾಂಚೀಪುರಂ ಮಗ್ಗದಲ್ಲಿ ನೇಯಲ್ಪಡುತ್ತದೆ; ಅದರ ರೇಷ್ಮೆಯ ಎಳೆ ರಾಮನಗರ, ಮಾಗಡಿಗಳ ಕಡೆಯಿಂದಲೂ ಬಂದಿರುತ್ತದೆ. ಈ ಎಲ್ಲ ಕಸುಬುಗಳಲ್ಲಿಯೂ ಮುಂಗಡದ ಸಾಲಕ್ಕೆ ಸಿಕ್ಕಿಬಿದ್ದ ಕುಟುಂಬಗಳು ಪತ್ತೆಯಾಗಿವೆ. ಎಲ್ಲ ಗೂಡುಗಳೂ ಎಲ್ಲ ಮಗ್ಗಗಳೂ ಹಾಗೆಂದು ಹೇಳುವುದು ಅನ್ಯಾಯವಾದೀತು. ಆದರೆ ಈ ಪಿಡುಗು ಚೆನ್ನೈ ಗೃಹಸ್ಥನ ಹೊಸ್ತಿಲಿನಿಂದ ಬಹು ದೂರದಲ್ಲಿಲ್ಲ.

ಶಾಸನವು ಕೊಟ್ಟಿರುವುದೇನು?

ಸಂವಿಧಾನದ ೨೩ನೆಯ ಅನುಚ್ಛೇದವು ಬಿಟ್ಟಿ ಚಾಕರಿಯನ್ನೂ ಬಲಾತ್ಕಾರದ ದುಡಿಮೆಯನ್ನೂ ನಿಷೇಧಿಸಿದೆ. ೧೯೭೬ರ ಅಧಿನಿಯಮವು ಅದಕ್ಕೆ ಕೈಕಾಲು ಒದಗಿಸಿತು. ಇದರ ಪ್ರಕಾರ ಜೀತದ ಸಾಲ ತಾನಾಗಿಯೇ ರದ್ದಾಗುತ್ತದೆ. ಅದನ್ನು ಮರಳಿ ಕೇಳುವಂತಿಲ್ಲ, ಕೊಟ್ಟರೂ ಸ್ವೀಕರಿಸುವಂತಿಲ್ಲ. ಜೀತಕ್ಕಿಟ್ಟುಕೊಂಡವನಿಗೆ ೩ ವರ್ಷಗಳವರೆಗೆ ಸೆರೆವಾಸ ಮತ್ತು ೨,೦೦೦ ರೂ.ಗಳವರೆಗೆ ದಂಡ ವಿಧಿಸಬಹುದು. ಬಿಡುಗಡೆ ಹೊಂದಿದವನನ್ನು ಅವನು ವಾಸಿಸುತ್ತಿದ್ದ ಮನೆಯಿಂದ ಹೊರಹಾಕುವಂತಿಲ್ಲ. ಸಾಲವು ಜೀತದ ಸಾಲವಲ್ಲವೆಂದು ಸಾಧಿಸುವ ಹೊಣೆ ಸಾಲ ಕೊಟ್ಟವನದೇ ಹೊರತು ಆಳಿನದಲ್ಲ.

ಸರ್ವೋಚ್ಚ ನ್ಯಾಯಾಲಯವು ಈ ಅರ್ಥವನ್ನು ಇನ್ನೂ ವಿಸ್ತರಿಸಿತು. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ೧೯೮೨ರಲ್ಲಿ ನೀಡಿದ ತೀರ್ಪಿನ ಪ್ರಕಾರ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಬಲಾತ್ಕಾರದ ದುಡಿಮೆಯೇ ಆಗುತ್ತದೆ. ಬಲಾತ್ಕಾರವೆಂದರೆ ಕೋಲು, ಸರಪಳಿಗಳಷ್ಟೇ ಅಲ್ಲ, ಹಸಿವೂ ಬಲಾತ್ಕಾರವೇ. ೧೯೮೪ರಲ್ಲಿ ನೀರಜಾ ಚೌಧರಿಯವರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಮತ್ತೊಂದು ಮಾತನ್ನು ಸ್ಪಷ್ಟಪಡಿಸಿತು: ಜೀತಗಾರರನ್ನು ಗುರುತಿಸಿ ಬಿಡಿಸಿದರೆ ಸಾಲದು, ತಡವಿಲ್ಲದೆ ಪುನರ್ವಸತಿ ಕಲ್ಪಿಸಬೇಕು, ಇಲ್ಲವಾದರೆ ಅವರು ಮತ್ತೆ ಅದೇ ಕೂಪಕ್ಕೆ ಬೀಳುತ್ತಾರೆ.

ಕೇಂದ್ರ ಕಾರ್ಮಿಕ ಸಚಿವಾಲಯದ ಲೆಕ್ಕದಂತೆ ಕರ್ನಾಟಕದಲ್ಲಿ ೬೩,೪೩೭ ಮಂದಿಯನ್ನೂ ತಮಿಳುನಾಡಿನಲ್ಲಿ ೬೫,೫೭೩ ಮಂದಿಯನ್ನೂ ಜೀತಗಾರರೆಂದು ಗುರುತಿಸಿ ಬಿಡುಗಡೆ ಮಾಡಲಾಗಿದೆ. ಇಡೀ ದೇಶದಲ್ಲಿ ಬಿಡುಗಡೆ ಹೊಂದಿದ ಸುಮಾರು ೩ ಲಕ್ಷ ಮಂದಿಯಲ್ಲಿ ಐದರಲ್ಲಿ ಎರಡು ಪಾಲಿಗೂ ಮಿಕ್ಕಿ ಈ ಎರಡು ನೆರೆರಾಜ್ಯಗಳಿಗೆ ಸೇರಿದವರು. ಇಲ್ಲಿ ಜೀತ ಹೆಚ್ಚೆಂದೂ ಹೇಳಬಹುದು, ಇಲ್ಲಿ ಹುಡುಕಿದವರು ಹೆಚ್ಚೆಂದೂ ಹೇಳಬಹುದು. ಕರ್ನಾಟಕದಲ್ಲಿ ಆನೇಕಲ್ ಮೊದಲಾದ ತಾಲ್ಲೂಕುಗಳಲ್ಲಿ ಕಿರಣ್ ಕಮಲ್ ಪ್ರಸಾದ್ ಅವರು ಕಟ್ಟಿದ ‘ಜೀವಿಕ’ ಸಂಸ್ಥೆಯು ಊರೂರು ಸುತ್ತಿ ಜೀತಗಾರರನ್ನು ಗುರುತಿಸಿತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ನಗರಿ ಇರುವುದೂ ಅದೇ ಆನೇಕಲ್ ತಾಲ್ಲೂಕಿನಲ್ಲಿಯೇ ಎಂಬುದು ಚಿಂತನಾರ್ಹ. ತಮಿಳುನಾಡಿನ ಸ್ಥಿತಿಯನ್ನು ಅರಿಯಲು ಸರ್ವೋಚ್ಚ ನ್ಯಾಯಾಲಯವು ನೇಮಿಸಿದ ಆಯುಕ್ತರು ೧೯೯೫ರ ತಮ್ಮ ವರದಿಯಲ್ಲಿ ರಾಜ್ಯದಲ್ಲಿ ೧೦ ಲಕ್ಷಕ್ಕೂ ಮಿಕ್ಕಿ ಜೀತಗಾರರಿದ್ದಾರೆಂದು ಅಂದಾಜಿಸಿದರು. ೧೯೯೭ರಿಂದ ಈ ಕಾರ್ಯದ ಮೇಲುಸ್ತುವಾರಿಯಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೂ ಪಾಲುಗೊಂಡಿದೆ.

ಸಾಲದ ಗಣಿತ

ಜೀತವು ಮೂಲತಃ ಒಂದು ಲೆಕ್ಕದ ಪುಸ್ತಕ. ಆ ಪುಸ್ತಕ ಒಬ್ಬನ ಕೈಯಲ್ಲಿರುತ್ತದೆ, ಅದರ ಭಾರ ಇನ್ನೊಬ್ಬನ ಬೆನ್ನ ಮೇಲಿರುತ್ತದೆ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು.

ಮಗಳ ಮದುವೆಗೋ ಮನೆಯವರ ಕಾಯಿಲೆಗೋ ಒಂದು ಕುಟುಂಬವು ೨೦,೦೦೦ ರೂ. ಮುಂಗಡ ಪಡೆಯಿತೆಂದು ಭಾವಿಸೋಣ. ಬಡ್ಡಿ ತಿಂಗಳಿಗೆ ನೂರಕ್ಕೆ ೫ ರೂ. ಕೇಳುವಾಗ ಇದು ಅಲ್ಪವೆಂದೇ ತೋರುತ್ತದೆ. ಆದರೆ ವರ್ಷಕ್ಕೆ ಇದು ನೂರಕ್ಕೆ ೬೦, ಅಂದರೆ ೧೨,೦೦೦ ರೂ. ಆಗುತ್ತದೆ. ಮಾಲೀಕನು ಕೂಲಿಯಲ್ಲಿ ವಾರಕ್ಕೆ ೧೦೦ ರೂ. ಮುರಿದುಕೊಂಡರೆ ೫೨ ವಾರಗಳಲ್ಲಿ ೫,೨೦೦ ರೂ. ಸಂದಾಯವಾಗುತ್ತದೆ. ಉಳಿದ ಬಡ್ಡಿ ಅಸಲಿಗೆ ಸೇರಿ, ಒಂದು ವರ್ಷ ಬಿಡದೆ ದುಡಿದ ಮೇಲೆ ಸಾಲ ೨೬,೮೦೦ ರೂ. ಆಗುತ್ತದೆ. ಎರಡನೆಯ ವರ್ಷಾಂತ್ಯಕ್ಕೆ ಅದು ೩೭,೬೮೦ ರೂ. ದುಡಿದಷ್ಟೂ ಬೆಳೆಯುವ ಸಾಲವಿದು. ಇದರ ನಡುವೆ ಹಬ್ಬಕ್ಕೆ ೫೦೦, ಔಷಧಿಗೆ ೧,೦೦೦ ಎಂದು ಪಡೆದುದೆಲ್ಲ ಪುಸ್ತಕದಲ್ಲಿ ಏರುತ್ತದೆ. ಕೊಟ್ಟುದೆಲ್ಲ ಏರುತ್ತದೆಯೋ ಇಲ್ಲವೋ ಓದಲು ಬಾರದವನಿಗೆ ತಿಳಿಯುವ ಬಗೆಯೇ ಇಲ್ಲ.

ಇದೇ ೨೦,೦೦೦ ರೂ.ಗಳಿಗೆ, ಅತಿ ಬಡವರಿಗಾಗಿ ೧೯೭೨ರಲ್ಲಿ ಬ್ಯಾಂಕುಗಳು ಆರಂಭಿಸಿದ ಭೇದಾತ್ಮಕ ಬಡ್ಡಿ ದರದ ಯೋಜನೆಯ ಶೇಕಡಾ ೪ರ ಲೆಕ್ಕದಲ್ಲಿ ವರ್ಷಕ್ಕೆ ತಗಲುವ ಬಡ್ಡಿ ೮೦೦ ರೂ. ಮಾತ್ರ. ೧೨,೦೦೦ಕ್ಕೂ ೮೦೦ಕ್ಕೂ ಇರುವ ಅಂತರವೇ ಜೀತಕ್ಕೂ ಸ್ವಾತಂತ್ರ್ಯಕ್ಕೂ ಇರುವ ಅಂತರ. ಮೇಲಿನ ಲೆಕ್ಕವನ್ನು ಮಾಡಲು ವಾಣಿಜ್ಯಶಾಸ್ತ್ರದ ಪದವಿ ಬೇಕಾಗಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಕಲಿಸುವ ಗುಣಾಕಾರ, ಶೇಕಡಾವಾರು ಲೆಕ್ಕಗಳೇ ಸಾಕು. ಜೀತದ ಕುಟುಂಬದ ಮಗುವಿಗೆ ತಪ್ಪಿಹೋಗುವುದು ಅಷ್ಟು ಶಾಲೆಯೇ.

ದೇಹವು ತೆರುವ ಬಡ್ಡಿ

ಹಣದ ಬಡ್ಡಿಯೊಡನೆ ದೇಹವೂ ಒಂದು ಬಡ್ಡಿಯನ್ನು ತೆರುತ್ತದೆ. ಕಲ್ಲುಗಣಿಗಳಲ್ಲಿ ಏಳುವ ಸಿಲಿಕಾ ಧೂಳು ವರ್ಷಾನುಗಟ್ಟಲೆ ಶ್ವಾಸಕೋಶದಲ್ಲಿ ಶೇಖರವಾಗಿ ‘ಸಿಲಿಕೋಸಿಸ್’ ಎಂಬ ರೋಗವನ್ನು ಉಂಟುಮಾಡುತ್ತದೆ. ಇದನ್ನು ಗುಣಪಡಿಸುವ ಔಷಧಿ ಇಲ್ಲ, ತಡೆಗಟ್ಟುವುದೊಂದೇ ಮಾರ್ಗ. ಈ ರೋಗಿಗಳಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ಇಟ್ಟಿಗೆ ಗೂಡಿನಲ್ಲಿ ಗಂಟೆಗಟ್ಟಲೆ ಕುಕ್ಕರುಗಾಲಿನಲ್ಲಿ ಕುಳಿತು ಮಣ್ಣು ಅಚ್ಚೊತ್ತುವವರಿಗೆ ಸೊಂಟ, ಮೊಣಕಾಲುಗಳ ನೋವು ತಪ್ಪಿದ್ದಲ್ಲ. ಅಕ್ಕಿ ಗಿರಣಿಗಳಲ್ಲಿ ಕುದಿನೀರು, ಹಬೆಗಳಿಂದ ಸುಟ್ಟ ಗಾಯಗಳಾಗುತ್ತವೆ. ರೇಷ್ಮೆ ಗೂಡನ್ನು ಬಿಸಿನೀರಿನಲ್ಲಿ ಅದ್ದಿ ನೂಲು ತೆಗೆಯುವ ಕೈಗಳಲ್ಲಿ ಬೊಬ್ಬೆ ಎದ್ದು ಕೀವು ತುಂಬುತ್ತದೆ. ರಕ್ತಹೀನಳಾದ ತಾಯಿ ತೂಕ ಕಡಿಮೆಯಿರುವ ಮಗುವನ್ನು ಹೆರುತ್ತಾಳೆ. ಆ ಮಗು ಹುಟ್ಟಿದಂದಿನಿಂದಲೇ ಸಾಲಗಾರ.

ಕಾಯಿಲೆಯು ಜೀತದ ಫಲವಷ್ಟೇ ಅಲ್ಲ, ಅನೇಕ ವೇಳೆ ಅದರ ಕಾರಣವೂ ಹೌದು. ಮುಂಗಡ ಪಡೆಯಲು ಕೊಡುವ ಕಾರಣಗಳಲ್ಲಿ ಮದುವೆ ಮತ್ತು ಕಾಯಿಲೆ ಇವೆರಡೇ ಮುಖ್ಯವಾದುವು. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ. ೨೦೧೮ರಿಂದ ರೋಗಿಯ ಪೌಷ್ಟಿಕ ಆಹಾರಕ್ಕೆ ಬ್ಯಾಂಕ್ ಖಾತೆಯ ಮೂಲಕ ಹಣವೂ ಸಲ್ಲುತ್ತಿದೆ. ಬಡ ಕುಟುಂಬಗಳಿಗೆ ಸರ್ಕಾರಿ ಆರೋಗ್ಯ ವಿಮೆಯೂ ಇದೆ. ಇವನ್ನು ಪಡೆಯಲು ಬೇಕಾದುದು ಒಂದು ಗುರುತಿನ ಚೀಟಿ, ಒಂದು ಖಾತೆ, ಒಂದು ಅರ್ಜಿಯನ್ನು ಓದಿ ಸಹಿ ಮಾಡುವ ಶಕ್ತಿ. ಹೀಗೆ ನೋಡಿದಾಗ ಅಕ್ಷರ ವಿದ್ಯೆಯು ಆರೋಗ್ಯದ ಸಾಧನವೂ ಆಗುತ್ತದೆ.

ಬಿಡುಗಡೆಯ ಪತ್ರ ಕೈಗೆ ಬಂದ ಮೇಲೆ

೨೦೧೯ರ ಜುಲೈನಲ್ಲಿ ಕಾಂಚೀಪುರಂ ಮತ್ತು ವೆಲ್ಲೂರು ಜಿಲ್ಲೆಗಳಲ್ಲಿ ಮರ ಕಡಿಯುವ ಕೆಲಸಕ್ಕೆ ಕಟ್ಟಿಹಾಕಲ್ಪಟ್ಟಿದ್ದ ೪೨ ಮಂದಿಯನ್ನು ಅಧಿಕಾರಿಗಳು ಬಿಡಿಸಿದರು. ಅವರಲ್ಲಿ ಒಬ್ಬ ವೃದ್ಧನು ಅಧಿಕಾರಿಯ ಕಾಲಿಗೆ ಬಿದ್ದ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಪ್ರಕಟವಾಗಿ ಓದುಗರ ಮನ ಕಲಕಿತು. ಅವರು ಇರುಳರೆಂಬ ಗಿರಿಜನ ಸಮುದಾಯಕ್ಕೆ ಸೇರಿದವರು. ಕರ್ನಾಟಕದ ರಾಮನಗರ, ಮಾಗಡಿ, ಕನಕಪುರ ಸೀಮೆಯಲ್ಲಿ ಇರುಳಿಗರೆಂದು ಹೆಸರಾದ ಗಿರಿಜನರನ್ನು ಬಲ್ಲ ವಾಚಕರಿಗೆ ಈ ಹೆಸರು ಹೊಸದೆನಿಸಲಾರದು.

ಬಿಡುಗಡೆಯ ದಿನ ಪತ್ರಿಕೆಯವರಿರುತ್ತಾರೆ, ಅಧಿಕಾರಿಗಳಿರುತ್ತಾರೆ, ಊಟವಿರುತ್ತದೆ. ಕಷ್ಟ ಆರಂಭವಾಗುವುದು ಮರುದಿನ. ಗೂಡಿನ ಪಕ್ಕದ ಗುಡಿಸಲು ಬಿಟ್ಟು ಬಂದವನಿಗೆ ಮನೆಯಿಲ್ಲ. ಒಂದೇ ಕೆಲಸ ಬಲ್ಲವನಿಗೆ ಬೇರೆ ಕೆಲಸ ಕೊಡುವವರಿಲ್ಲ. ಪರಿಹಾರದ ಹಣ ಬರುವ ಮೊದಲೇ ಹಸಿವು ಬರುತ್ತದೆ. ಆಗ ಹಳೆಯ ಮಾಲೀಕನೋ ಅವನ ಮೇಸ್ತ್ರಿಯೋ ಹೊಸ ಮುಂಗಡದೊಡನೆ ಬಾಗಿಲಿಗೆ ಬಂದರೆ ಬೇಡವೆನ್ನುವ ಧೈರ್ಯ ಎಷ್ಟು ಮಂದಿಗೆ ಇದ್ದೀತು?

ಸರ್ಕಾರದ ಸಹಾಯ ಇಲ್ಲವೆಂದಲ್ಲ. ೧೯೭೮ರಲ್ಲಿ ಪುನರ್ವಸತಿ ಯೋಜನೆ ಆರಂಭವಾದಾಗ ತಲೆಗೆ ೪,೦೦೦ ರೂ. ಸಹಾಯ ಗೊತ್ತಾಗಿತ್ತು. ೨೦೦೦ದ ಹೊತ್ತಿಗೆ ಅದು ೨೦,೦೦೦ ರೂ.ಗಳಿಗೆ ಏರಿತು. ೨೦೧೬ರ ಯೋಜನೆಯಲ್ಲಿ ಪುರುಷರಿಗೆ ೧ ಲಕ್ಷ, ಸ್ತ್ರೀಯರಿಗೂ ಮಕ್ಕಳಿಗೂ ೨ ಲಕ್ಷ, ಅತಿ ಘೋರ ಶೋಷಣೆಗೆ ಒಳಗಾದವರಿಗೆ ೩ ಲಕ್ಷ ರೂ. ಎಂದು ನಿಗದಿಯಾಯಿತು. ಆದರೆ ಈ ಪೂರ್ಣ ಮೊತ್ತ ಕೈಸೇರುವುದು ಮಾಲೀಕನಿಗೆ ಶಿಕ್ಷೆಯಾದ ಮೇಲೆ. ಅದಕ್ಕೆ ಮೊದಲು ತತ್‌ಕ್ಷಣದ ಸಹಾಯವೆಂದು ದೊರೆಯುವುದು ೨೦೨೨ರ ಪರಿಷ್ಕರಣೆಯ ನಂತರ ೩೦,೦೦೦ ರೂ.ಗಳವರೆಗೆ ಮಾತ್ರ. ಮೊಕದ್ದಮೆಗಳು ವರ್ಷಗಟ್ಟಲೆ ನಡೆಯುವ ನಮ್ಮ ದೇಶದಲ್ಲಿ ಇದರ ಪರಿಣಾಮವೇನೆಂದು ಹೇಳಬೇಕಾಗಿಲ್ಲ. ಹಣದ ಸಹಾಯ ಅವಶ್ಯವೇ. ಆದರೆ ಹಣ ಖರ್ಚಾಗುವ ವಸ್ತು. ಖರ್ಚಾಗದೆ ಉಳಿಯುವ ಆಸ್ತಿಗಳು ಮೂರು: ಲೆಕ್ಕ ಓದಬಲ್ಲ ಅಕ್ಷರ, ಒಬ್ಬನನ್ನೇ ನೆಚ್ಚಿಕೊಳ್ಳದ ಕಸುಬು, ಆಪತ್ತಿಗಾಗುವ ಉಳಿತಾಯ. ಇವು ಮೂರೂ ದಕ್ಷಿಣ ದೇಶದ ಊರುಗಳಲ್ಲಿ ಪರೀಕ್ಷೆಗೆ ಒಳಗಾಗಿ ಫಲ ಕೊಟ್ಟಿರುವಂಥವು.

ಅಕ್ಷರ ಮತ್ತು ಸೈಕಲ್ಲು

ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆ ಕಲ್ಲುಗಣಿಗಳ ನಾಡು. ೧೯೯೧ರಲ್ಲಿ ಅಲ್ಲಿ ‘ಅರಿವೊಳಿ ಇಯಕ್ಕಂ’ ಎಂಬ ಸಾಕ್ಷರತಾ ಆಂದೋಲನ ಆರಂಭವಾಯಿತು. ಜಿಲ್ಲಾಧಿಕಾರಿಯಾಗಿದ್ದ ಶೀಲಾರಾಣಿ ಚುಂಕತ್ ಅವರು ಅಕ್ಷರದ ಜೊತೆಗೆ ಎರಡು ಸಂಗತಿಗಳನ್ನು ಸೇರಿಸಿದರು. ಒಂದು, ಹೆಂಗಸರಿಗೆ ಸೈಕಲ್ ಕಲಿಸುವುದು. ಇನ್ನೊಂದು, ಕಲ್ಲು ಒಡೆಯುವ ಹೆಂಗಸರ ಗುಂಪುಗಳಿಗೇ ಗಣಿಗಳ ಗುತ್ತಿಗೆ ಕೊಡುವುದು. ಅಲ್ಲಿಯವರೆಗೆ ಆ ಗಣಿಗಳು ಗುತ್ತಿಗೆದಾರರ ಹಿಡಿತದಲ್ಲಿದ್ದುವು. ಮುಂಗಡದ ಸಾಲಕ್ಕೆ ಕಟ್ಟುಬಿದ್ದು ದುಡಿಯುತ್ತಿದ್ದ ಕುಟುಂಬಗಳು ಅವರ ಕೈಕೆಳಗೆ ಇದ್ದುವು.

ಸೈಕಲ್ಲು ಏಕೆ ಎಂದು ವಾಚಕರು ಕೇಳಬಹುದು. ನೀರು ತರಲು, ಮಕ್ಕಳನ್ನು ಶಾಲೆಗೆ ಬಿಡಲು, ಸರಕು ಮಾರಲು, ರಾತ್ರಿ ಪಾಠಕ್ಕೆ ಹೋಗಲು ಹೆಂಗಸು ಗಂಡಸಿನ ದಾರಿ ಕಾಯಬೇಕಾಗಿರಲಿಲ್ಲ. ಕೆಲಸವಿರುವ ಮುಂದಿನ ಊರಿಗೆ ತಾನೇ ಹೋಗಿಬರಬಹುದಾದ ಹೆಂಗಸನ್ನು ಒಂದೇ ಗಣಿಗೆ ಕಟ್ಟಿಹಾಕುವುದು ಸುಲಭವಲ್ಲ. ಇನ್ನು ಗುತ್ತಿಗೆ ಹಿಡಿದ ಗುಂಪಿಗೆ ಅಕ್ಷರವು ಅಲಂಕಾರವಾಗಿ ಉಳಿಯಲಿಲ್ಲ. ಎಷ್ಟು ಲೋಡು ಹೋಯಿತು, ಎಷ್ಟು ಹಣ ಬಂತು, ಯಾರ ಪಾಲೆಷ್ಟು ಎಂಬುದನ್ನು ಬರೆದಿಡಲೇಬೇಕು. ಕಲಿಯುವ ಕಾರಣ ಕಣ್ಣ ಮುಂದೆಯೇ ಇದ್ದುದರಿಂದ ಕಲಿಕೆ ನಿಂತಿತು. ಕೈಗೆ ಬಂದ ಹೆಚ್ಚಿನ ಆದಾಯ ಮನೆಗೆ ಹೋಯಿತು.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಅಧಿಕಾರಿಗಳು ಬದಲಾದರು, ಹಳೆಯ ಗುತ್ತಿಗೆದಾರರ ಒತ್ತಡ ಹೆಚ್ಚಿತು, ಹೆಂಗಸರ ಗಣಿಗಳು ಕಷ್ಟಕ್ಕೆ ಸಿಕ್ಕಿದುವು. ಒಬ್ಬ ಉತ್ಸಾಹಿ ಅಧಿಕಾರಿಯ ಮೇಲೆ ನಿಂತ ಕಾರ್ಯ ಆ ಅಧಿಕಾರಿಯ ವರ್ಗಾವಣೆಯೊಡನೆ ಅಲುಗಾಡುತ್ತದೆಂಬುದು ಇದರ ಪಾಠ. ಆದರೆ ಕಲಿತ ಅಕ್ಷರವನ್ನೂ ಸೈಕಲ್ಲನ್ನೂ ಯಾವ ಗುತ್ತಿಗೆದಾರನೂ ಹಿಂದಕ್ಕೆ ಪಡೆಯಲಾಗಲಿಲ್ಲ.

ಮಗುವಿನ ಮಾತೃಭಾಷೆ

ದೊಡ್ಡವರ ವಿದ್ಯೆಯಂತೆಯೇ ಮಕ್ಕಳ ಶಾಲೆಯ ಪ್ರಶ್ನೆಯೂ ಇದೆ. ತಿರುವಳ್ಳೂರು ಜಿಲ್ಲೆಯ ಇಟ್ಟಿಗೆ ಗೂಡುಗಳಿಗೆ ಪ್ರತಿ ವರ್ಷ ಒಡಿಶಾದ ಬಲಾಂಗೀರ್ ಮೊದಲಾದ ಜಿಲ್ಲೆಗಳಿಂದ ಕುಟುಂಬಗಳು ಬರುತ್ತವೆ. ಊರಿನಲ್ಲಿಯೇ ಮುಂಗಡ ಪಡೆದು, ಚಳಿಗಾಲದಿಂದ ಮಳೆ ಬೀಳುವವರೆಗೆ ಗಂಡ, ಹೆಂಡತಿ, ಮಕ್ಕಳು ಕೂಡಿ ಇಟ್ಟಿಗೆ ಅಚ್ಚೊತ್ತುತ್ತಾರೆ. ಶಾಲೆಯ ವರ್ಷವನ್ನು ಈ ವಲಸೆ ನಡುವಿನಲ್ಲಿ ತುಂಡರಿಸುತ್ತದೆ. ಇಲ್ಲಿನ ಶಾಲೆಗೆ ಸೇರಿಸಿದರೆ ಮಗುವಿಗೆ ತಮಿಳು ಬಾರದು. ಬಿಟ್ಟರೆ ಮಗು ಮಣ್ಣು ಕಲಸುತ್ತದೆ.

ಇದಕ್ಕೆ ಪರಿಹಾರವಾಗಿ ಸರ್ವಶಿಕ್ಷಾ ಅಭಿಯಾನದ ಅಡಿಯಲ್ಲಿ ಗೂಡುಗಳ ಬಳಿಯಲ್ಲಿಯೇ ಒಡಿಯಾ ಪುಸ್ತಕಗಳಿಂದ ಒಡಿಯಾ ಬಲ್ಲವರು ಪಾಠ ಹೇಳುವ ಶಾಲೆಗಳನ್ನು ನಡೆಸಲಾಯಿತು. ಊರಿಗೆ ಮರಳಿದಾಗ ಮಗು ತನ್ನ ತರಗತಿಯಲ್ಲಿ ಹಿಂದುಳಿಯಬಾರದೆಂಬುದು ಇದರ ಉದ್ದೇಶ. ಪರನಾಡಿನಲ್ಲಿ ಮಕ್ಕಳಿಗೆ ತಾಯ್ನುಡಿ ಉಳಿಸಿಕೊಡಲು ಶ್ರಮಿಸುತ್ತಿರುವ ಕನ್ನಡ ಸಂಘಗಳ ಸದಸ್ಯರಿಗೆ ಈ ಪ್ರಯತ್ನದ ಬೆಲೆಯನ್ನು ಬೇರೆಯವರು ವಿವರಿಸಬೇಕಾಗಿಲ್ಲ. ಅಂತರವಿಷ್ಟೇ: ಚೆನ್ನೈ ಕನ್ನಡಿಗರ ಮಗುವಿಗೆ ಭಾಷೆ ತಪ್ಪಿದರೆ ಹೋಗುವುದು ಸಂಸ್ಕೃತಿಯ ಒಂದು ಭಾಗ, ಗೂಡಿನ ಮಗುವಿಗೆ ಭಾಷೆ ತಪ್ಪಿದರೆ ಶಾಲೆಯೇ ಹೋಗುತ್ತದೆ, ಅದರೊಡನೆ ಬಿಡುಗಡೆಯೂ ಹೋಗುತ್ತದೆ.

ಕಾಂಚೀಪುರಂ ಮಗ್ಗಗಳ ವಿಷಯವೂ ಇಲ್ಲಿ ಉಲ್ಲೇಖನೀಯ. ಸಾಲಕ್ಕೆ ಪ್ರತಿಯಾಗಿ ಮಕ್ಕಳನ್ನು ಮಗ್ಗದ ಸಹಾಯಕರನ್ನಾಗಿ ಬಿಡುವ ರೂಢಿಯನ್ನೂ, ಕರ್ನಾಟಕದ ರೇಷ್ಮೆ ಹುರಿ ಯಂತ್ರಗಳ ಮುಂದೆ ನಿಲ್ಲುವ ಮಕ್ಕಳ ಸ್ಥಿತಿಯನ್ನೂ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ೨೦೦೩ರ ವರದಿಯಲ್ಲಿ ವಿವರಿಸಿತು. ಹೀಗೆ ದುಡಿಮೆಯಿಂದ ಬಿಡಿಸಿದ ಮಕ್ಕಳಿಗಾಗಿ ದೇಶದಲ್ಲಿ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಯ ವಿಶೇಷ ಶಾಲೆಗಳು ದಶಕಗಳ ಕಾಲ ನಡೆದುವು. ೨೦೨೧ರಲ್ಲಿ ಆ ಯೋಜನೆ ಸಮಗ್ರ ಶಿಕ್ಷಾ ಯೋಜನೆಯಲ್ಲಿ ವಿಲೀನವಾಯಿತು. ೨೦೧೦ರ ಏಪ್ರಿಲ್‌ನಿಂದ ೬ರಿಂದ ೧೪ ವರ್ಷದ ಪ್ರತಿ ಮಗುವಿಗೂ ಶಿಕ್ಷಣವು ಹಕ್ಕಾಗಿದೆ. ಹಕ್ಕನ್ನು ಮಗುವಿನ ಕೈಗೆ ತಲುಪಿಸುವ ಕೆಲಸ ಉಳಿದಿದೆ.

ಕೈಯಲ್ಲಿರುವ ಕಸುಬು

ಕಸುಬು ಕಲಿಸುವುದೆಂದೊಡನೆ ಹೊಲಿಗೆ ಯಂತ್ರದ ಚಿತ್ರ ಕಣ್ಣಿಗೆ ಬರುವುದುಂಟು. ಆದರೆ ಜೀತವಿಮುಕ್ತರು ಏನೂ ಅರಿಯದವರಲ್ಲ. ಅವರಲ್ಲಿ ಈಗಾಗಲೇ ಇರುವ ಜಾಣ್ಮೆಗೆ ಒಡೆತನ ಕೊಡುವುದು ಮೊದಲ ಹೆಜ್ಜೆ. ಇದಕ್ಕೆ ಚೆನ್ನೈ ಬಳಿಯಲ್ಲಿಯೇ ಎರಡು ನಿದರ್ಶನಗಳಿವೆ.

ಇರುಳರು ಹಾವು ಹಿಡಿಯುವುದರಲ್ಲಿ ನಿಸ್ಸೀಮರು. ಒಂದು ಕಾಲದಲ್ಲಿ ಅವರು ಹಾವಿನ ಚರ್ಮದ ವ್ಯಾಪಾರಿಗಳಿಗೆ ಹಾವು ಹಿಡಿದುಕೊಟ್ಟು ಬದುಕುತ್ತಿದ್ದರು. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನ ಮತ್ತು ಅನಂತರದ ರಫ್ತು ನಿಷೇಧಗಳಿಂದ ಆ ದಾರಿ ಮುಚ್ಚಿತು. ಆಗ ರೊಮ್ಯುಲಸ್ ವಿಟೇಕರ್ ಅವರ ನೆರವಿನಿಂದ ೧೯೭೮ರಲ್ಲಿ ಇರುಳ ಹಾವು ಹಿಡಿಯುವವರ ಕೈಗಾರಿಕಾ ಸಹಕಾರ ಸಂಘ ಸ್ಥಾಪನೆಯಾಯಿತು. ಮಹಾಬಲಿಪುರದ ದಾರಿಯಲ್ಲಿ, ವಡನೆಮ್ಮೇಲಿಯ ಮೊಸಳೆ ವನದ ಆವರಣದಲ್ಲಿ ಇದು ನಡೆಯುತ್ತಿದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ವಿಷಸರ್ಪಗಳನ್ನು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷದಿಂದ ಔಷಧಿ ಕಾರ್ಖಾನೆಗಳು ಪ್ರತಿವಿಷವನ್ನು ತಯಾರಿಸುತ್ತವೆ. ಕರ್ನಾಟಕದ ಯಾವುದೋ ಹಳ್ಳಿಯ ಆಸ್ಪತ್ರೆಯಲ್ಲಿ ಹಾವು ಕಚ್ಚಿದ ರೈತನ ಪ್ರಾಣ ಉಳಿಸುವ ಚುಚ್ಚುಮದ್ದಿನ ಹಿಂದೆ ಈ ಇರುಳರ ಕೈ ಇರುವ ಸಂಭವವುಂಟು. ಈ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಎಂಬ ಇಬ್ಬರಿಗೆ ೨೦೨೩ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದೇ ಸಮುದಾಯದ ಎಷ್ಟೋ ಕುಟುಂಬಗಳು ಅಕ್ಕಿ ಗಿರಣಿ, ಇಟ್ಟಿಗೆ ಗೂಡುಗಳಲ್ಲಿ ಜೀತಕ್ಕೆ ಬಿದ್ದುವು. ಕಸುಬಿಗೆ ಒಡೆತನ ದೊರೆತ ಕಡೆಗೂ ದೊರೆಯದ ಕಡೆಗೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

ಎರಡನೆಯ ನಿದರ್ಶನ ತಿರುವಳ್ಳೂರು ಜಿಲ್ಲೆಯದು. ಅಲ್ಲಿ ಈಚಿನ ವರ್ಷಗಳಲ್ಲಿ ಜಿಲ್ಲಾಡಳಿತದ ನೆರವಿನಿಂದ, ಜೀತದಿಂದ ಬಿಡುಗಡೆಯಾದ ಕುಟುಂಬಗಳೇ ನಡೆಸುವ ಇಟ್ಟಿಗೆ ಗೂಡು ಆರಂಭವಾಗಿದೆ. ಅದಕ್ಕೆ ‘ಸಿರಗುಗಳ್’, ಅಂದರೆ ರೆಕ್ಕೆಗಳು, ಎಂದು ಹೆಸರು. ಅದೇ ಮಣ್ಣು, ಅದೇ ಅಚ್ಚು, ಅದೇ ಕೈ. ಲೆಕ್ಕದ ಪುಸ್ತಕ ಮಾತ್ರ ಈಗ ಅವರದು.

ಹೊಸ ಕಸುಬು ಕಲಿಯಬೇಕೆನ್ನುವ ಯುವಕ ಯುವತಿಯರಿಗೆ ಕರ್ನಾಟಕವೇ ದೇಶಕ್ಕೆ ದಾರಿ ತೋರಿಸಿದೆ. ೧೯೮೨ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಸಹಭಾಗಿತ್ವದಿಂದ ‘ರುಡ್‌ಸೆಟ್’ ಸಂಸ್ಥೆ ಜನ್ಮತಾಳಿತು. ಊಟ ವಸತಿಗಳೊಡನೆ ಉಚಿತವಾಗಿ ಕೆಲವೇ ವಾರಗಳಲ್ಲಿ ಒಂದು ಕಸುಬನ್ನು ಕಲಿಸಿ, ಬ್ಯಾಂಕ್ ಸಾಲಕ್ಕೆ ದಾರಿ ಮಾಡಿ, ಅನಂತರವೂ ಬೆನ್ನ ಹಿಂದೆ ನಿಲ್ಲುವುದು ಇದರ ಕ್ರಮ. ಕೇಂದ್ರ ಸರ್ಕಾರವು ಇದೇ ಮಾದರಿಯಲ್ಲಿ ಜಿಲ್ಲೆಗೊಂದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯನ್ನು ಬ್ಯಾಂಕುಗಳ ಮೂಲಕ ನಡೆಸುತ್ತಿದೆ. ಹೈನುಗಾರಿಕೆ, ಮೋಟಾರು ರಿವೈಂಡಿಂಗ್, ದ್ವಿಚಕ್ರ ವಾಹನ ದುರಸ್ತಿ, ಮೊಬೈಲ್ ದುರಸ್ತಿ ಮೊದಲಾದುವನ್ನು ಅಲ್ಲಿ ಕಲಿಯಬಹುದು. ಆದರೆ ತರಬೇತಿಯ ದಿನಗಳಲ್ಲಿ ಮನೆಯ ಒಲೆ ಹೇಗೆ ಉರಿಯಬೇಕು? ದಿನಗೂಲಿ ಬಿಟ್ಟು ಬರಲಾರದ ಕುಟುಂಬಕ್ಕೆ ಉಚಿತ ತರಬೇತಿಯೂ ದುಬಾರಿಯೇ. ಆದುದರಿಂದ ತರಬೇತಿಯ ಅವಧಿಗೆ ಪಡಿತರ ಮತ್ತು ಅಲ್ಪ ಭತ್ಯೆಯನ್ನು ಕೂಡಿಸದೆ ಜೀತವಿಮುಕ್ತರನ್ನು ತರಗತಿಗೆ ಕರೆಯುವುದರಲ್ಲಿ ಅರ್ಥವಿಲ್ಲ.

ಹನಿ ಹನಿ ಕೂಡಿದರೆ

ಮೂರನೆಯದು ಉಳಿತಾಯ. ೧೯೨೫ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ವೈದ್ಯರಾಗಿದ್ದ ಡಾ. ಟಿ. ಎಂ. ಎ. ಪೈ ಇವರು ಕೂಡಿ ಒಂದು ಬ್ಯಾಂಕನ್ನು ಆರಂಭಿಸಿದಾಗ, ಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗುವುದೇ ಅವರ ಉದ್ದೇಶವಾಗಿತ್ತು. ೧೯೨೮ರಲ್ಲಿ ಅದೇ ಬ್ಯಾಂಕ್ ‘ಪಿಗ್ಮಿ’ ಠೇವಣಿಯನ್ನು ಹೊರತಂದಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆ ಪಡೆದುಹೋಗುತ್ತಿದ್ದನು. ಎರಡಾಣೆಯ ಉಳಿತಾಯದಲ್ಲಿ ದೊಡ್ಡ ತತ್ತ್ವವೊಂದಿತ್ತು: ಬಡವನಿಗೆ ಬೇಕಾದುದು ದೊಡ್ಡ ಸಾಲವಲ್ಲ, ಸಣ್ಣ ಆಪತ್ತಿಗೆ ಧಣಿಯ ಮನೆಗೆ ಹೋಗದಿರುವಷ್ಟು ಹಣ.

ಸ್ವಸಹಾಯ ಗುಂಪುಗಳ ಚಳವಳಿಗೂ ಕರ್ನಾಟಕದ ನಂಟಿದೆ. ‘ಮೈರಾಡ’ ಸಂಸ್ಥೆಯು ೧೯೮೦ರ ದಶಕದಲ್ಲಿ ಕಟ್ಟಿದ ಸಣ್ಣ ಗುಂಪುಗಳ ಅನುಭವವೂ ಸೇರಿ, ೧೯೯೨ರಲ್ಲಿ ನಬಾರ್ಡ್ ಗುಂಪುಗಳಿಗೂ ಬ್ಯಾಂಕುಗಳಿಗೂ ನೇರ ಸಂಬಂಧ ಕಲ್ಪಿಸಿತು. ಮಗುವಿನ ಜ್ವರಕ್ಕೆ ೨,೦೦೦ ರೂ. ಗುಂಪಿನಿಂದಲೇ ದೊರೆತರೆ ಮೇಸ್ತ್ರಿಯ ಮುಂಗಡ ಬೇಕಾಗುವುದಿಲ್ಲ.

೧೯೭೬ರ ಅಧಿನಿಯಮದಲ್ಲಿ ಬಹುಮಂದಿ ಗಮನಿಸದ ಒಂದು ಅಂಶವಿದೆ. ಪ್ರತಿ ಜಿಲ್ಲೆಯಲ್ಲಿಯೂ ಉಪವಿಭಾಗದಲ್ಲಿಯೂ ಇರಬೇಕಾದ ಜಾಗೃತಿ ಸಮಿತಿಯಲ್ಲಿ ಹಣಕಾಸು ಸಂಸ್ಥೆಗಳ ಪ್ರತಿನಿಧಿಯೊಬ್ಬರು ಇರಲೇಬೇಕು. ಬಿಡುಗಡೆಯಾದವರಿಗೆ ಸಾಕಷ್ಟು ಸಾಲ ದೊರೆಯುವಂತೆ ಗ್ರಾಮೀಣ ಬ್ಯಾಂಕುಗಳನ್ನೂ ಸಹಕಾರ ಸಂಘಗಳನ್ನೂ ಹೊಂದಿಸುವುದು ಆ ಸಮಿತಿಯ ಕರ್ತವ್ಯಗಳಲ್ಲಿ ಒಂದು. ಜೀತವು ಸಾಲದಿಂದ ಹುಟ್ಟುವ ರೋಗವಾದುದರಿಂದ ಸಾಲದ ವ್ಯವಸ್ಥೆಯಲ್ಲಿಯೇ ಅದಕ್ಕೆ ಔಷಧಿ ಇರಬೇಕೆಂಬುದನ್ನು ಶಾಸನಕಾರರು ಅರಿತಿದ್ದರು. ಈ ಸಮಿತಿಗಳು ಕಾಗದದ ಮೇಲಷ್ಟೇ ಉಳಿದರೆ ಆ ಔಷಧಿ ಸೀಸೆಯಲ್ಲಿಯೇ ಉಳಿದಂತೆ.

ಚೆನ್ನೈ ಕನ್ನಡಿಗರಿಂದ ಆಗಬಹುದಾದುದು

ಇಷ್ಟನ್ನೂ ಓದಿದ ಮೇಲೆ, ನಗರದ ಗೃಹಸ್ಥನಿಂದ ಇದರಲ್ಲಿ ಏನಾದೀತು ಎಂಬ ಪ್ರಶ್ನೆ ಸಹಜ. ದೊಡ್ಡ ಕಾರ್ಯಗಳನ್ನು ಸರ್ಕಾರಕ್ಕೆ ಬಿಟ್ಟರೂ ಸಣ್ಣ ಕಾರ್ಯಗಳು ಅನೇಕವಿವೆ. ಮನೆ ಕಟ್ಟಿಸುವವರು ಇಟ್ಟಿಗೆ ಎಲ್ಲಿಂದ ಬರುತ್ತದೆಂದು ಗುತ್ತಿಗೆದಾರನನ್ನು ಕೇಳಬಹುದು. ಗಿರಾಕಿ ಕೇಳುವ ಪ್ರಶ್ನೆ ಮಾಲೀಕನಿಗೆ ತಲುಪುತ್ತದೆ. ಕಾರ್ಖಾನೆ, ಅಂಗಡಿ, ಹೋಟೆಲುಗಳನ್ನು ನಡೆಸುವವರು ಬಿಡುಗಡೆಯಾದ ಕುಟುಂಬದ ಒಬ್ಬ ಹುಡುಗನಿಗೋ ಹುಡುಗಿಗೋ, ೧೮ ವರ್ಷ ತುಂಬಿದ ಮೇಲೆ, ಕೆಲಸ ಕಲಿಯಲು ಅವಕಾಶ ಕೊಡಬಹುದು. ನಿವೃತ್ತರಾದ ಶಿಕ್ಷಕರು, ಲೆಕ್ಕಪತ್ರ ಬಲ್ಲವರು ವಾರಕ್ಕೊಂದು ಸಂಜೆ ಬಡ್ಡಿಯ ಲೆಕ್ಕ, ಪಾಸ್‌ಪುಸ್ತಕ ಓದುವುದು, ಅರ್ಜಿ ತುಂಬುವುದು ಇವನ್ನು ಹೇಳಿಕೊಡಬಹುದು. ವೈದ್ಯ ಸದಸ್ಯರು ಗೂಡು, ಗಣಿಗಳ ಬಳಿ ಒಂದು ದಿನದ ತಪಾಸಣಾ ಶಿಬಿರ ನಡೆಸಬಹುದು. ಎಲ್ಲಿಯಾದರೂ ಜೀತದ ಸುಳಿವು ಸಿಕ್ಕಿದರೆ ಜಿಲ್ಲಾಧಿಕಾರಿಗೋ ಉಪವಿಭಾಗಾಧಿಕಾರಿಗೋ ತಿಳಿಸಬೇಕು. ಮಕ್ಕಳ ವಿಷಯವಾದರೆ ೧೦೯೮ ದೂರವಾಣಿ ಇದೆ. ನೇರವಾಗಿ ಮಾಲೀಕನೊಡನೆ ವಾದಕ್ಕಿಳಿಯುವುದು ಆ ಕುಟುಂಬಕ್ಕೇ ಅಪಾಯಕರವಾದೀತು.

ಉದ್ಯೋಗವನ್ನರಸಿ ಊರು ಬಿಟ್ಟು ಈ ನಗರಕ್ಕೆ ಬಂದವರ ಕೈಯಲ್ಲಿ ಒಂದು ಸರ್ಟಿಫಿಕೇಟೂ ಒಂದು ಕಸುಬೂ ಇದ್ದುವು. ಆದುದರಿಂದ ಒಂದು ಕಡೆ ಕೆಲಸ ಒಗ್ಗದಿದ್ದರೆ ಇನ್ನೊಂದು ಕಡೆಗೆ ಹೋಗುವ ಸ್ವಾತಂತ್ರ್ಯ ಅವರಿಗಿತ್ತು. ಇಟ್ಟಿಗೆ ಗೂಡಿಗೆ ಬಂದ ಕುಟುಂಬವೂ ಉದ್ಯೋಗವನ್ನರಸಿಯೇ ಬಂದುದು. ಅದರ ಕೈಯಲ್ಲಿದ್ದುದು ಮುಂಗಡದ ಸಾಲ ಮಾತ್ರ. ಇಬ್ಬರೂ ವಲಸೆಗಾರರೇ. ಶಾಸನವು ಆ ಸಾಲವನ್ನು ಅಳಿಸಿದೆ. ಅಳಿಸಿದ ಜಾಗದಲ್ಲಿ ಅಕ್ಷರವನ್ನೂ ಕಸುಬನ್ನೂ ನಾಲ್ಕು ಕಾಸನ್ನೂ ಇರಿಸಿದರೆ, ‘ಜೀತ’ ಎಂಬ ಶಬ್ದಕ್ಕೆ ಸಂಬಳವೆಂಬ ಹಳೆಯ ಅರ್ಥ ಮರಳಿ ಬರುವ ದಿನವನ್ನು ಎದುರುನೋಡಬಹುದು.